ನಾಡನ್ನಳೆದ ಲ್ಯಾಂಬ್ಟನ್

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿ ಹಂಸಭಾವಿಯೆಂಬ ಊರಿದೆ. ಶಾಲೆಯ ಗೋಡೆಗೆ ತೂಗುಹಾಕಿದ ನಾಡಿನ ನಕ್ಷೆಯಲ್ಲಿ ಅದು ಸಾಸಿವೆಕಾಳಿನಷ್ಟು ದೊಡ್ಡ ಚುಕ್ಕೆ. ಆ ಚುಕ್ಕೆಯನ್ನು ಅಲ್ಲಿಯೇ ಏಕೆ ಇಟ್ಟರು, ಒಂದು ಕಾಳಿನಷ್ಟು ಆಚೆಗೆ ಏಕೆ ಇಡಲಿಲ್ಲ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಹಿರೇಕೆರೂರಿನಿಂದ ಹಂಸಭಾವಿಗೆ ಹೋಗುವ ದಾರಿಯನ್ನು ಸರಪಳಿ ಹಿಡಿದು ಅಳೆದುಬಿಡಬಹುದು. ಆದರೆ ದಾರಿಯು ಕೆರೆಯನ್ನು ಬಳಸುತ್ತದೆ, ದಿಣ್ಣೆಯನ್ನು ಏರುತ್ತದೆ, ಹಳ್ಳಕ್ಕೆ ಇಳಿಯುತ್ತದೆ. ದಾರಿಯ ಉದ್ದವು ಎರಡು ಊರುಗಳ ನಡುವಣ ನೇರವಾದ ಅಂತರವಲ್ಲ. ಮದರಾಸಿಗೂ ಮಂಗಳೂರಿಗೂ ನಡುವಣ ಅಂತರವನ್ನು ಕಂಡುಹಿಡಿಯಬೇಕಾದರಂತೂ ಬೆಟ್ಟ, ಹೊಳೆ, ಕಾಡು, ಘಟ್ಟಗಳನ್ನೆಲ್ಲ ದಾಟಬೇಕು. ಇನ್ನೂರು ವರ್ಷಗಳಿಗೂ ಹಿಂದೆ ಈ ಕಾರ್ಯಕ್ಕೆ ಕೈಹಾಕಿ, ತನ್ನ ಬಾಳಿನ ಕೊನೆಯ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಅದಕ್ಕೇ ಸವೆಸಿದವನು ವಿಲಿಯಂ ಲ್ಯಾಂಬ್ಟನ್. ಆತನ ಬಾಳಿನ ಕಥೆಯು ಒಂದು ಹಿತ್ತಾಳೆಯ ಯಂತ್ರದ ಕಥೆಯೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ.

ಲ್ಯಾಂಬ್ಟನ್ನನು 1750ರ ದಶಕದಲ್ಲಿ ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರಿನಲ್ಲಿ, ನಾರ್ತಲರ್ಟನ್ ಎಂಬ ಪಟ್ಟಣದ ಸಮೀಪದ ಒಂದು ಬಡಕುಟುಂಬದಲ್ಲಿ ಹುಟ್ಟಿದನು. ಹುಡುಗನ ಬುದ್ಧಿಶಕ್ತಿಯನ್ನು ಕಂಡ ನೆರೆಹೊರೆಯವರು ನೆರವಾದುದರಿಂದ ಆತನಿಗೆ ಶಾಲೆಯ ಬಾಗಿಲು ತೆರೆಯಿತು. ಗಣಿತದಲ್ಲಿ ಆತನಿಗೆ ಅಪಾರವಾದ ಆಸಕ್ತಿ. ಆದರೆ ಬಡವನಿಗೆ ಗಣಿತದಿಂದ ಹೊಟ್ಟೆ ತುಂಬುವುದು ಕಷ್ಟವಾಗಿದ್ದ ಕಾಲವದು. 1780ರ ದಶಕದ ಆರಂಭದಲ್ಲಿ ಆತನು ಸೈನ್ಯವನ್ನು ಸೇರಿ ಉತ್ತರ ಅಮೆರಿಕಕ್ಕೆ ಹೋದನು. ಅಲ್ಲಿ ಯುದ್ಧ ಮುಗಿದ ಮೇಲೆ ಕೆನಡದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ನೆಲವನ್ನು ಅಳೆದು ಹಂಚುವ ಕೆಲಸ ಮಾಡಿದನು; ಬಳಿಕ ಸೈನಿಕರ ವಸತಿಗಳ ಮೇಲ್ವಿಚಾರಕನಾಗಿ ಹದಿಮೂರು ವರ್ಷಗಳಷ್ಟು ಕಾಲ ಅಲ್ಲಿಯೇ ಉಳಿದನು. ಬಿಡುವಿನ ಹೊತ್ತಿನಲ್ಲಿ ಆತನ ಕೈಯಲ್ಲಿರುತ್ತಿದ್ದುದು ಗಣಿತ ಹಾಗೂ ಖಗೋಳದ ಗ್ರಂಥಗಳು. ಒಮ್ಮೆ ಮಸಿ ಹಿಡಿದ ಗಾಜಿನ ರಕ್ಷಣೆಯಿಲ್ಲದೆ ಸೂರ್ಯಗ್ರಹಣವನ್ನು ನೋಡಿದುದರಿಂದ ಆತನ ಎಡಗಣ್ಣಿನ ದೃಷ್ಟಿ ಕೆಟ್ಟಿತು. ಮುಂದೆ ನೂರಾರು ಬೆಟ್ಟಗಳ ತುದಿಯಿಂದ ದೂರದರ್ಶಕದೊಳಗೆ ಇಣುಕಿ ದೇಶವನ್ನಳೆದವನು ಒಂದೇ ಕಣ್ಣನ್ನು ನೆಚ್ಚಿಕೊಂಡಿದ್ದನೆಂಬುದು ಮರೆಯತಕ್ಕ ಸಂಗತಿಯಲ್ಲ.

ಯೌವನ ಕಳೆದ ಮೇಲೆ, ನಲವತ್ತರ ಗಡಿಯನ್ನು ದಾಟಿ, ಲ್ಯಾಂಬ್ಟನ್ನನು ಭಾರತಕ್ಕೆ ಬಂದನು. ಆತನ ದಳದ ಕರ್ನಲ್ ಆಗಿದ್ದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನೂ ಅವನೇ. 1799ರಲ್ಲಿ ಟಿಪ್ಪು ಸುಲ್ತಾನನ ಮೇಲೆ ನಡೆದ ಕೊನೆಯ ಯುದ್ಧದಲ್ಲಿ ಲ್ಯಾಂಬ್ಟನ್ನನು ಜನರಲ್ ಬೇರ್ಡ್‌ನ ಕೈಕೆಳಗೆ ಅಧಿಕಾರಿಯಾಗಿದ್ದನು. ಶ್ರೀರಂಗಪಟ್ಟಣದ ಬಳಿ ಒಂದು ಕಗ್ಗತ್ತಲೆಯ ರಾತ್ರಿ ಬೇರ್ಡ್‌ನ ತುಕಡಿಯು ತೋಪೊಂದನ್ನು ಶೋಧಿಸಿ ತನ್ನ ಪಾಳೆಯಕ್ಕೆ ಹಿಂದಿರುಗುತ್ತಿತ್ತು. ಆಗ ಲ್ಯಾಂಬ್ಟನ್ನನು ತಲೆಯೆತ್ತಿ ಆಕಾಶವನ್ನು ನೋಡಿದನು. ಸಪ್ತರ್ಷಿ ಮಂಡಲವು ಇರಬೇಕಾದ ಕಡೆ ಇರಲಿಲ್ಲ. ಸೈನ್ಯವು ದಕ್ಷಿಣಕ್ಕೆ ಹೋಗುತ್ತಿರುವುದಾಗಿ ಭಾವಿಸಿ ಉತ್ತರಕ್ಕೆ, ನೇರವಾಗಿ ಶತ್ರುವಿನ ಪಡೆಯ ಕಡೆಗೆ ನಡೆಯುತ್ತಿತ್ತು. ಜನರಲ್ಲನಿಗೆ ನಕ್ಷತ್ರಗಳ ಮಾತಿನಲ್ಲಿ ನಂಬಿಕೆ ಬರಲಿಲ್ಲ. ದಿಕ್ಸೂಚಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ನಕ್ಷತ್ರಗಳ ಮಾತೇ ದಿಟವಾಯಿತು.

ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ವಿಶಾಲವಾದ ಮೈಸೂರು ಸೀಮೆಯು ಕಂಪನಿಯ ಹಿಡಿತಕ್ಕೆ ಬಂದಿತು. ನೆಲವನ್ನು ಗೆದ್ದವರಿಗೆ ಅದರ ಲೆಕ್ಕವೂ ಬೇಕಾಗುತ್ತದೆ. ಎಷ್ಟು ಊರು, ಎಷ್ಟು ಕೆರೆ, ಎಷ್ಟು ಕಂದಾಯ, ಸೈನ್ಯ ಸಾಗಲು ಯಾವ ದಾರಿ ಎಂಬುದೆಲ್ಲ ತಿಳಿಯಬೇಕು. ಈ ಕೆಲಸಕ್ಕಾಗಿ ನೇಮಕಗೊಂಡವನು ಕಾಲಿನ್ ಮೆಕೆಂಜಿ. ಕೈಫಿಯತ್ತುಗಳನ್ನು ಸಂಗ್ರಹಿಸಿದವನೆಂದು ಕನ್ನಡಿಗರಿಗೆ ಆತನ ಹೆಸರು ಪರಿಚಿತವೇ. ಲ್ಯಾಂಬ್ಟನ್ನನ ಯೋಚನೆ ಬೇರೆ ದಾರಿಯಲ್ಲಿ ಹರಿಯಿತು. ಊರು ಕೇರಿಗಳ ವಿವರವನ್ನು ಬರೆಯುವ ಮೊದಲು ಅವೆಲ್ಲವನ್ನೂ ಅಳ್ಳಾಡದಂತೆ ಕಟ್ಟಿ ನಿಲ್ಲಿಸುವ ಹಂದರವೊಂದು ಬೇಕೆಂದು ಆತನು ಬಗೆದನು. ಹಂದರವಿಲ್ಲದೆ ಬಿಡಿಬಿಡಿಯಾಗಿ ಬರೆದ ನಕ್ಷೆಗಳನ್ನು ಒಟ್ಟುಗೂಡಿಸಿದರೆ ಅಂಚಿಗೆ ಅಂಚು ಹೊಂದುವುದಿಲ್ಲ. ಅಲ್ಲದೆ ಆತನ ಮನಸ್ಸಿನಲ್ಲಿ ಇನ್ನೊಂದು ದೊಡ್ಡ ಪ್ರಶ್ನೆಯಿತ್ತು. ಭೂಮಿಯು ಪೂರ್ಣವಾಗಿ ಗುಂಡಾಗಿಲ್ಲ, ಧ್ರುವಗಳ ಬಳಿ ಕೊಂಚ ಚಪ್ಪಟೆಯಾಗಿದೆ ಎಂಬುದನ್ನು ವಿದ್ವಾಂಸರು ಆಗಲೇ ಒಪ್ಪಿದ್ದರು. ಎಷ್ಟು ಚಪ್ಪಟೆ ಎಂಬುದನ್ನು ನಿರ್ಧರಿಸಲು ಸಮಭಾಜಕ ವೃತ್ತಕ್ಕೆ ಸಮೀಪದ ನಾಡುಗಳಲ್ಲಿ ಉದ್ದವಾದ ಅಳತೆಗಳು ಬೇಕಾಗಿದ್ದವು. ವೆಲ್ಲೆಸ್ಲಿಯ ಬೆಂಬಲದಿಂದ ಲ್ಯಾಂಬ್ಟನ್ನನ ಯೋಜನೆಗೆ ಮದರಾಸು ಸರ್ಕಾರದ ಒಪ್ಪಿಗೆ ದೊರೆಯಿತು.

ಲ್ಯಾಂಬ್ಟನ್ನನು ಅನುಸರಿಸಿದ ಕ್ರಮವನ್ನು ರೇಖಾಗಣಿತ ಕಲಿತ ಯಾವ ವಿದ್ಯಾರ್ಥಿಯೂ ಸುಲಭವಾಗಿ ತಿಳಿಯಬಲ್ಲನು. ತ್ರಿಕೋನದ ಒಂದು ಭುಜದ ಉದ್ದವೂ ಅದರ ಎರಡು ತುದಿಗಳಲ್ಲಿರುವ ಕೋನಗಳೂ ಗೊತ್ತಿದ್ದರೆ ಉಳಿದ ಎರಡು ಭುಜಗಳನ್ನು ಅಳೆಯಬೇಕಾಗಿಲ್ಲ. ಲೆಕ್ಕದಿಂದಲೇ ಅವು ದೊರೆಯುತ್ತವೆ. ಆ ಭುಜಗಳಲ್ಲಿ ಒಂದರ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಹೆಜ್ಜೆಯಿಡುತ್ತ, ನಡುವಿನ ಕಾಡಿಗೂ ಹೊಳೆಗೂ ಕಾಲು ತಾಗಿಸದೆಯೇ ದೇಶವನ್ನು ದಾಟಬಹುದು. ನೆಲದ ಮೇಲೆ ಅಳೆಯಬೇಕಾದುದು ಆ ಮೊದಲನೆಯ ಭುಜ ಒಂದನ್ನೇ. ಅದಕ್ಕೆ ಆಧಾರರೇಖೆ ಎಂದು ಹೆಸರು.

ಮೊದಲ ಆಧಾರರೇಖೆಯನ್ನು ಲ್ಯಾಂಬ್ಟನ್ನನು 1800ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಯಲಿನಲ್ಲಿ ಅಳೆದನು. ಅದರ ಉದ್ದ ಸುಮಾರು 12 ಕಿಲೋಮೀಟರು. ಬಳಸಿದ ಸಾಧನ ನೂರು ಅಡಿಯ ಒಂದು ಉಕ್ಕಿನ ಸರಪಳಿ. ಆ ಸರಪಳಿಯ ಹಿಂದೆ ಒಂದು ವಿನೋದದ ಕಥೆಯಿದೆ. ಲಂಡನ್ನಿನ ಹೆಸರಾಂತ ಶಿಲ್ಪಿ ರ‍್ಯಾಮ್ಸ್‌ಡೆನ್ ತಯಾರಿಸಿದ ಅದನ್ನು ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಕೊಡಲು 1793ರಲ್ಲಿ ಇಂಗ್ಲಿಷ್ ರಾಯಭಾರಿಯೊಬ್ಬನು ಕೊಂಡೊಯ್ದಿದ್ದನು. ಚಕ್ರವರ್ತಿಗೆ ಅದು ಬೇಕಾಗಲಿಲ್ಲ. ರಾಯಭಾರಿಯ ಸಂಗಡಿಗನಾಗಿದ್ದ ಡಿನ್‌ವಿಡಿಯೆಂಬ ವಿದ್ವಾಂಸನ ಜೊತೆಗೆ ಅದು ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್ನನ ಕೈ ಸೇರಿತು. ಅರಮನೆಯ ಭಂಡಾರದಲ್ಲಿ ತುಕ್ಕು ಹಿಡಿಯಬೇಕಾಗಿದ್ದ ಸರಪಳಿಯು ಹೀಗೆ ಬೆಂಗಳೂರಿನ ಕೆಮ್ಮಣ್ಣಿನ ಮೇಲೆ ಕೆಲಸಕ್ಕೆ ಬಂದಿತು.

ನೂರು ಅಡಿಯ ಸರಪಳಿಯನ್ನು ನಾಲ್ಕುನೂರು ಬಾರಿ ನೆಲದ ಮೇಲೆ ಎಳೆದರೆ ಮುಗಿಯಿತಲ್ಲವೇ ಎನ್ನಿಸಬಹುದು. ಆದರೆ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಉಷ್ಣತೆಯು ಹತ್ತು ಡಿಗ್ರಿ ಫ್ಯಾರನ್‌ಹೀಟ್ ಏರಿದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಅಷ್ಟು ಉದ್ದದ ರೇಖೆಯಲ್ಲಿ ಎರಡು ಅಡಿಗೂ ಮಿಕ್ಕಿದ ತಪ್ಪು ಸೇರಿಕೊಳ್ಳುತ್ತದೆ. ಆದುದರಿಂದ ಸರಪಳಿಯನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ತೊಟ್ಟಿಗಳನ್ನು ಕಾಲುಮಣೆಗಳ ಮೇಲೆ ಸಮಮಟ್ಟದಲ್ಲಿ ನಿಲ್ಲಿಸಿ, ಮೇಲೆ ಡೇರೆಯ ನೆರಳು ಮಾಡಿ, ಉಷ್ಣಮಾಪಕಗಳನ್ನು ಓದಿಕೊಂಡು, ಆಮೇಲೆ ಒಂದೊಂದು ಅಳತೆಯನ್ನು ಬರೆದುಕೊಳ್ಳಬೇಕಾಗಿತ್ತು. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಪ್ರಾರಂಭಿಸಿದ ಇಂಥದೇ ಇನ್ನೊಂದು ಆಧಾರರೇಖೆಯನ್ನು ಮುಗಿಸಲು 57 ದಿನಗಳು ಹಿಡಿದವು. ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯು ಆರಂಭವಾದುದು ಅಂದಿನಿಂದಲೇ ಎಂದು ಎಣಿಸುವುದು ವಾಡಿಕೆ.

ಅದೇ ವರ್ಷ ಮಹಾ ಥಿಯೊಡೊಲೈಟ್ ಬಂದಿತು. ಕೋನಗಳನ್ನು ಅಳೆಯುವ ಈ ಯಂತ್ರವನ್ನು ಲಂಡನ್ನಿನಲ್ಲಿ ವಿಲಿಯಂ ಕ್ಯಾರಿ ಎಂಬುವನು ತಯಾರಿಸಿದ್ದನು. ದಾರಿಯಲ್ಲಿ ಅದನ್ನು ಹೊತ್ತ ಹಡಗು ಫ್ರೆಂಚರ ಕೈವಶವಾಯಿತು. ಯಂತ್ರವು ಮಾರಿಷಸ್ ದ್ವೀಪಕ್ಕೆ ಹೋಯಿತು. ಪೆಟ್ಟಿಗೆಯಲ್ಲಿರುವುದು ಯುದ್ಧದ ಸಾಮಗ್ರಿಯಲ್ಲ, ವಿಜ್ಞಾನದ ಉಪಕರಣ ಎಂದು ತಿಳಿದೊಡನೆ ಅಲ್ಲಿಯ ಫ್ರೆಂಚ್ ಗವರ್ನರನು ಅದನ್ನು ಶುಭಾಶಯಗಳೊಡನೆ ಮದರಾಸಿಗೆ ಕಳುಹಿಸಿಕೊಟ್ಟನು. ಎರಡು ದೇಶಗಳು ಒಂದರ ಕೊರಳನ್ನೊಂದು ಹಿಸುಕುತ್ತಿದ್ದ ಕಾಲದಲ್ಲಿ ನಡೆದ ಸೌಜನ್ಯವಿದು.

ಯಂತ್ರದ ತೂಕ ಸುಮಾರು ಅರ್ಧ ಟನ್ನು. ಅದರ ಮುಖ್ಯ ಭಾಗವೆಂದರೆ 36 ಅಂಗುಲ ವ್ಯಾಸದ, ಮಲಗಿಸಿದ ಗಾಲಿಯಂತಿರುವ ಲೋಹದ ವರ್ತುಲ. ಅದರ ಅಂಚಿನಲ್ಲಿ ಡಿಗ್ರಿಗಳನ್ನೂ ಅವುಗಳ ಚಿಕ್ಕ ಭಾಗಗಳನ್ನೂ ಸೂಚಿಸುವ ಕೂದಲೆಳೆಯ ಗೆರೆಗಳು. ನಡುವೆ ತಿರುಗುವ ದೂರದರ್ಶಕ. ದೂರದರ್ಶಕವನ್ನು ಒಂದು ಬೆಟ್ಟದ ಮೇಲಿನ ಬಾವುಟಕ್ಕೆ ಗುರಿಯಿಟ್ಟು ವರ್ತುಲದ ಗೆರೆಯನ್ನು ಸೂಕ್ಷ್ಮದರ್ಶಕದಿಂದ ಓದಬೇಕು; ಬಳಿಕ ಇನ್ನೊಂದು ಬೆಟ್ಟದ ಕಡೆ ತಿರುಗಿಸಿ ಮತ್ತೆ ಓದಬೇಕು. ಎರಡರ ವ್ಯತ್ಯಾಸವೇ ಕೋನ. ಅಂಥ ವರ್ತುಲದ ಅಂಚಿನಲ್ಲಿ ಒಂದು ಡಿಗ್ರಿಯೆಂದರೆ ಸುಮಾರು 8 ಮಿಲಿಮೀಟರು. ಒಂದು ಡಿಗ್ರಿಯಲ್ಲಿ 60 ನಿಮಿಷಗಳು, ಒಂದು ನಿಮಿಷದಲ್ಲಿ 60 ಸೆಕೆಂಡುಗಳು. ಒಂದು ಸೆಕೆಂಡಿಗೆ ಸಿಕ್ಕುವ ಜಾಗ ತಲೆಗೂದಲಿನ ದಪ್ಪದಲ್ಲಿ ಮೂವತ್ತನೆಯ ಒಂದು ಪಾಲಿನಷ್ಟು. ಅಷ್ಟು ತಪ್ಪಿದರೂ 50 ಕಿಲೋಮೀಟರು ದೂರದ ಬೆಟ್ಟವು ತನ್ನ ನೆಲೆಯಿಂದ ಒಂದು ಗೇಣು ಸರಿದಂತಾಗುತ್ತದೆ. ಒಂದು ತ್ರಿಕೋನದ ತಪ್ಪು ಮುಂದಿನದಕ್ಕೆ ಹರಿದುಹೋಗುತ್ತದೆ. ಆದುದರಿಂದ ಆ ವರ್ತುಲದ ದುಂಡುತನವೇ ಇಡೀ ಸರ್ವೇಕ್ಷಣೆಯ ಜೀವ.

ತ್ರಿಕೋನಗಳು ಮದರಾಸಿನಿಂದ ಪಶ್ಚಿಮಕ್ಕೆ ಹೆಜ್ಜೆಯಿಟ್ಟವು. 1804ರಲ್ಲಿ ಅವು ಬೆಂಗಳೂರನ್ನು ಮುಟ್ಟಿದಾಗ ಕೆಲಸದ ಮೊದಲ ಪರೀಕ್ಷೆ ಎದುರಾಯಿತು. ಅಲ್ಲಿ ಮತ್ತೊಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದವನು ಲ್ಯಾಂಬ್ಟನ್ನನ ಸಹಾಯಕ ಜಾನ್ ವಾರನ್. ಕೋಲಾರದ ನೆಲದಲ್ಲಿ ಚಿನ್ನವಿದೆಯೆಂಬ ಜನರ ಮಾತನ್ನು 1802ರಲ್ಲಿ ಹೋಗಿ ಪರೀಕ್ಷಿಸಿ ನೋಡಿದ ವಾರನ್ನನೂ ಇವನೇ. ಮದರಾಸಿನ ರೇಖೆಯಿಂದ ಹೊರಟು, ನಡುವಿನ ಎಲ್ಲ ತ್ರಿಕೋನಗಳನ್ನೂ ಲೆಕ್ಕಹಾಕಿ, ಬೆಂಗಳೂರಿನ ರೇಖೆಯ ಉದ್ದ ಇಷ್ಟಿರಬೇಕೆಂದು ಮೊದಲೇ ಗುಣಿಸಿಡಲಾಗಿತ್ತು. ಸರಪಳಿಯಿಂದ ಅಳೆದಾಗ ಬಂದ ಉದ್ದಕ್ಕೂ ಲೆಕ್ಕದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಮೆ. ಸುಮಾರು 290 ಕಿಲೋಮೀಟರು ದೂರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹಾರಿ ಬಂದ ಮೇಲೆ ಒಂದು ಅಂಗೈಯಗಲದಷ್ಟು ತಪ್ಪು! ಕೂಡುವ ಗುಣಿಸುವ ಯಂತ್ರಗಳು ಕಚೇರಿಗಳಿಗೆ ಕಾಲಿಡದಿದ್ದ ದಿನಗಳವು. ಲಾಗರಿದಮ್ ಕೋಷ್ಟಕಗಳನ್ನು ಮುಂದಿಟ್ಟುಕೊಂಡು, ಕಾಗದ ಲೇಖನಿಗಳಿಂದ, ದೀಪದ ಬೆಳಕಿನಲ್ಲಿ ಮಾಡಿದ ಲೆಕ್ಕವದು.

ಮುಂದೆ ಸಾವನದುರ್ಗ, ಬಲ್ಲಾಳರಾಯನದುರ್ಗ ಮೊದಲಾದ ಗಿರಿಶಿಖರಗಳನ್ನು ಮೆಟ್ಟಿಲಾಗಿಸಿಕೊಂಡು ತ್ರಿಕೋನಗಳು ಪಶ್ಚಿಮ ಘಟ್ಟವನ್ನಿಳಿದು ಮಂಗಳೂರಿನ ಕಡಲನ್ನು ಕಂಡವು. ಹಳೆಯ ನಕ್ಷೆಗಳಲ್ಲಿ ಮದರಾಸಿಗೂ ಮಂಗಳೂರಿಗೂ ನಡುವೆ 400 ಮೈಲಿಗಳಿದ್ದವು. ಲ್ಯಾಂಬ್ಟನ್ನನ ಲೆಕ್ಕದಲ್ಲಿ ಅದು ಕೇವಲ 360 ಮೈಲಿ. ನಕ್ಷೆಯ ಮೇಲಿದ್ದ 40 ಮೈಲಿ ಅಗಲದ ನೆಲ ಮಾಯವಾಯಿತು. ವಾಸ್ತವದಲ್ಲಿ ಅಂಥ ನೆಲ ಎಂದೂ ಇರಲೇ ಇಲ್ಲ. ಆದರೂ ಹಣದ ಲೆಕ್ಕ ಬರೆಯುವವರಿಗೆ ಇದರ ಬೆಲೆ ತಿಳಿಯಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಒಂದು ಮಾತು ಹೇಳಿದರೆ ಸಾಕು, ಅವರು ದಾರಿ ತಪ್ಪದೆ ಕೊಂಡೊಯ್ಯುವರು, ಇಷ್ಟೊಂದು ವೆಚ್ಚದ ನಕ್ಷೆ ಏಕೆ ಎಂದು ಮದರಾಸಿನ ಅಧಿಕಾರಿಯೊಬ್ಬನು ವಾದಿಸಿದನು. ಹಳ್ಳಿಪಟ್ಟಣಗಳ ಜನರ ಅನುಮಾನ ಬೇರೆ ಬಗೆಯದು. ಬೆಟ್ಟದ ಮೇಲೆ ಬಾವುಟ ನೆಟ್ಟು, ಕೊಳವೆಯಲ್ಲಿ ಇಣುಕುವ ಪರದೇಶಿಯನ್ನು ಕಂಡು, ಅಂತಃಪುರದ ಹೆಂಗಸರನ್ನು ನೋಡುವ ಉಪಾಯವಿರಬೇಕೆಂದು ಅವರು ಶಂಕಿಸಿದರು. ನಿನ್ನೆಯವರೆಗೆ ಬಂದೂಕು ಹಿಡಿದು ಬಂದವರು ಇಂದು ಕೊಳವೆ ಹಿಡಿದು ಬಂದರೆ ನಂಬುವುದು ಸುಲಭವಲ್ಲ.

ಬೆಂಗಳೂರಿನ ಸಮೀಪದ ದೊಡ್ಡಗುಂಟೆಯಲ್ಲಿ ನಕ್ಷತ್ರಗಳನ್ನು ವೀಕ್ಷಿಸಿ ಅಕ್ಷಾಂಶವನ್ನು ನಿರ್ಣಯಿಸಿದ ಮೇಲೆ, ಲ್ಯಾಂಬ್ಟನ್ನನು ಉತ್ತರ ದಕ್ಷಿಣವಾಗಿ ಹಾಯುವ ಒಂದು ದೀರ್ಘ ತ್ರಿಕೋನ ಸರಣಿಯನ್ನು ಕೈಗೊಂಡನು. ಪೂರ್ವ ರೇಖಾಂಶ 78 ಡಿಗ್ರಿಯ ಸುತ್ತಮುತ್ತ ಸಾಗುವ ಇದೇ ಮುಂದೆ ಮಹಾಚಾಪವೆಂದು ಪ್ರಸಿದ್ಧವಾಯಿತು. ದಕ್ಷಿಣಕ್ಕೆ ಇಳಿದಂತೆ ತಮಿಳು ನಾಡಿನ ಸಮತಟ್ಟಾದ ಬಯಲು ಎದುರಾಯಿತು. ಅಲ್ಲಿ ಬೆಟ್ಟಗಳಿಲ್ಲ, ಕಣ್ಣು ಹಾಯಿಸಿದತ್ತ ತೆಂಗು ತಾಳೆಗಳ ತೋಪು. ಮರಗಳ ನೆತ್ತಿಯನ್ನು ಮೀರಿ ನಿಂತಿದ್ದವುಗಳೆಂದರೆ ದೇವಾಲಯಗಳ ಗೋಪುರಗಳು ಮಾತ್ರ. ಅರ್ಧ ಟನ್ನಿನ ಯಂತ್ರವನ್ನು ಗೋಪುರಗಳ ಮೇಲಕ್ಕೆ ಹಗ್ಗಗಳಿಂದ ಎತ್ತುವುದು ಅನಿವಾರ್ಯವಾಯಿತು.

1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಅನಾಹುತವು ಸಂಭವಿಸಿತು. ರಾಜರಾಜ ಚೋಳನು ಕಟ್ಟಿಸಿದ ಆ ದೇವಾಲಯದ ವಿಮಾನವು 60 ಮೀಟರಿಗೂ ಹೆಚ್ಚು ಎತ್ತರವಾದುದು. ಪೆಟ್ಟಿಗೆಯಲ್ಲಿಟ್ಟ ಥಿಯೊಡೊಲೈಟ್ ಅನ್ನು ಮೇಲಕ್ಕೆಳೆಯುತ್ತಿದ್ದಾಗ, ಅದು ಗೋಡೆಗೆ ತಾಗದಂತೆ ದೂರಕ್ಕೆ ಹಿಡಿದಿದ್ದ ಹಗ್ಗವು ಕಿತ್ತುಹೋಯಿತು. ಪೆಟ್ಟಿಗೆಯು ಗಾಳಿಯಲ್ಲಿ ತೂಗಿ ಬಂದು ಕಲ್ಲಿನ ಗೋಡೆಗೆ ಅಪ್ಪಳಿಸಿತು. ಮರದ ಪೆಟ್ಟಿಗೆ ಒಡೆಯಿತು. ವರ್ತುಲವನ್ನು ನಯವಾಗಿ ತಿರುಗಿಸುವ ತಿರುಪಿನ ಮೇಲೆ ಪೆಟ್ಟಿನ ಪೂರ್ಣ ಭಾರ ಬಿದ್ದು, ಆ ಮೂಲಕ ವರ್ತುಲಕ್ಕೇ ತಟ್ಟಿತು. ಕೆಳಗಿಳಿಸಿ ನೋಡಿದರೆ ಸುಂದರವಾದ ದುಂಡು ವರ್ತುಲವು ಸೊಟ್ಟಗಾಗಿ ಹೋಗಿತ್ತು. ಗಾಲಿಯ ಅರಗಳಂತೆ ನಡುವಿನಿಂದ ಅಂಚಿಗೆ ಹಾಯ್ದಿದ್ದ ಸಲಾಕೆಗಳು ಬಾಗಿದ್ದವು. ನೋಡಿದವರಿಗೆಲ್ಲ ಅದು ಗುಜರಿಗೆ ಹಾಕುವ ಹಿತ್ತಾಳೆಯಾಗಿ ಕಂಡಿತು.

ಆಗ ಲ್ಯಾಂಬ್ಟನ್ನನ ವಯಸ್ಸು ಐವತ್ತನ್ನು ಮೀರಿತ್ತು. ಅಂಥ ಇನ್ನೊಂದು ಯಂತ್ರವು ಸುತ್ತಮುತ್ತ ಎಲ್ಲಿಯೂ ಇರಲಿಲ್ಲ. ಲಂಡನ್ನಿಗೆ ಬರೆದು, ಹೊಸದನ್ನು ಮಾಡಿಸಿ, ಆಫ್ರಿಕ ಖಂಡವನ್ನು ಸುತ್ತಿ ಹಡಗಿನಲ್ಲಿ ತರಿಸಲು ವರ್ಷಗಳೇ ಬೇಕು. ವೆಚ್ಚ ಹೆಚ್ಚಾಯಿತೆಂದು ಗೊಣಗುವವರಿಗೆ ಕೆಲಸವನ್ನು ನಿಲ್ಲಿಸಿಬಿಡಲು ಇದಕ್ಕಿಂತ ಒಳ್ಳೆಯ ನೆಪ ಬೇಕಾಗಿರಲಿಲ್ಲ.

ಲ್ಯಾಂಬ್ಟನ್ನನು ಮುರಿದ ಯಂತ್ರದೊಡನೆ ಒಂದು ಡೇರೆಯನ್ನು ಹೊಕ್ಕನು. ಮುಖ್ಯ ಕುಶಲಕರ್ಮಿಗಳ ಹೊರತು ಬೇರೆ ಯಾರಿಗೂ ಒಳಗೆ ಪ್ರವೇಶವಿರಲಿಲ್ಲ. ಮೊದಲು ಆತನು ಯಂತ್ರವನ್ನು ತಿರುಪು ತಿರುಪಾಗಿ ಬಿಚ್ಚಿ ಬೇರೆ ಬೇರೆ ಇಟ್ಟನು. ಆಮೇಲೆ ದೊಡ್ಡದಾದ ಒಂದು ಚಪ್ಪಟೆ ಹಲಗೆಯನ್ನು ತರಿಸಿ, ಕೆಡುವ ಮೊದಲು ವರ್ತುಲವು ಎಷ್ಟು ದೊಡ್ಡದಾಗಿತ್ತೋ ಸರಿಯಾಗಿ ಅಷ್ಟೇ ಅಳತೆಯ ವೃತ್ತವನ್ನು ಅದರ ಮೇಲೆ ಕೊರೆಯಿಸಿದನು. ಇದರಲ್ಲಿಯೇ ಆತನ ಜಾಣತನವಿರುವುದು. ಸೊಟ್ಟಗಾದ ಲೋಹವನ್ನು ಕಣ್ಣಂದಾಜಿನಿಂದ ನೆಟ್ಟಗೆ ಮಾಡಲು ಹೊರಟರೆ ಒಂದು ಕಡೆಯ ತಪ್ಪು ಇನ್ನೊಂದು ಕಡೆಗೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಮರದಲ್ಲಿ ಕೊರೆದ ವೃತ್ತವು ತಪ್ಪಿದ ವರ್ತುಲಕ್ಕೆ ತಾನು ಹೇಗಿರಬೇಕೆಂಬುದನ್ನು ತೋರಿಸುವ ಅಚ್ಚಾಯಿತು. ವರ್ತುಲವನ್ನು ಆ ಹಲಗೆಯ ಮೇಲಿಟ್ಟು, ಬೆಣೆಗಳನ್ನು ಬಡಿದು, ತಿರುಪುಗಳನ್ನು ಬಿಗಿದು, ರಾಟೆಗಳಿಂದ ಜಗ್ಗಿ, ಅಚ್ಚಿನ ಅಂಚಿಗೆ ಹೊಂದುವಂತೆ ಎಳೆಎಳೆಯಾಗಿ ಹಿಗ್ಗಿಸತೊಡಗಿದರು. ಅವಸರಪಟ್ಟು ಒಂದೇ ಸಲಕ್ಕೆ ಎಳೆದರೆ ಲೋಹವು ಬಿರಿಯುತ್ತದೆ. ಅಂಜುತ್ತ ಎಳೆದರೆ ಕೈ ಬಿಟ್ಟೊಡನೆ ಹಿಂದಕ್ಕೆ ಸೇದಿಕೊಳ್ಳುತ್ತದೆ. ಬಾಗಿದ ಸಲಾಕೆಗಳನ್ನು ಸಣ್ಣ ಮರದ ಕೊಡತಿಗಳಿಂದ ಮೆಲ್ಲಮೆಲ್ಲನೆ ತಟ್ಟಿ ಮೊದಲಿನ ಆಕಾರಕ್ಕೂ ಉದ್ದಕ್ಕೂ ತಂದರು. ಕಬ್ಬಿಣದ ಸುತ್ತಿಗೆಯ ಪೆಟ್ಟು ಲೋಹವನ್ನೇ ನಗ್ಗಿಸುತ್ತಿತ್ತು.

ಈ ಕೆಲಸ ಆರು ವಾರಗಳವರೆಗೆ ನಡೆಯಿತು. ಯುದ್ಧಭೂಮಿಯ ಅಧಿಕಾರಿಯು ಕಂಚುಗಾರನಂತೆ, ಬಡಗಿಯಂತೆ ದಿನವಿಡೀ ಹಲಗೆಯ ಮುಂದೆ ಬಾಗಿ ನಿಂತನು. ಯಂತ್ರಶಿಲ್ಪವನ್ನು ಆತನು ಯಾವ ಕಾರ್ಖಾನೆಯಲ್ಲಿಯೂ ಕಲಿತವನಲ್ಲ. ಆದರೆ ಆರು ವರ್ಷಗಳ ಕಾಲ ಅದೇ ವರ್ತುಲದ ಗೆರೆಗಳನ್ನು ಓದಿದವನಿಗೆ ಅದರ ಮೈಯ ಪರಿಚಯವು ಅಂಗೈಯ ರೇಖೆಗಳಷ್ಟೇ ಇದ್ದಿರಬೇಕು. ಆರು ವಾರಗಳ ಕೊನೆಯಲ್ಲಿ ವರ್ತುಲವು ಹೆಚ್ಚುಕಡಮೆ ತನ್ನ ಮೊದಲಿನ ರೂಪಕ್ಕೆ ಮರಳಿತು. ಡೇರೆಯಲ್ಲಿ ಆತನೊಡನೆ ದುಡಿದ ಕುಶಲಕರ್ಮಿಗಳ ಹೆಸರುಗಳು ಇತಿಹಾಸದ ಪುಟಗಳಲ್ಲಿ ಮೆರೆಯಲಿಲ್ಲ.

ಹೆಚ್ಚುಕಡಮೆ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಒಮ್ಮೆ ಕೆಟ್ಟು ರಿಪೇರಿಯಾದ ವರ್ತುಲದ ಮೇಲೆ ಪಂಡಿತರಿಗೆ ಸಂದೇಹವಿದ್ದೇ ಇತ್ತು. ಗೆರೆಗಳ ನಡುವಣ ಅಂತರವು ಎಲ್ಲ ಕಡೆಗೂ ಮೊದಲಿನಷ್ಟೇ ಸಮವಾಗಿದೆಯೆಂದು ಆಣೆಯಿಟ್ಟು ಹೇಳುವಂತಿರಲಿಲ್ಲ. ಆತನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟನು ಮುಂದೆ ಒಂದೇ ಕೋನವನ್ನು ವರ್ತುಲದ ಬೇರೆ ಬೇರೆ ಭಾಗಗಳಲ್ಲಿ ಹಲವು ಬಾರಿ ಓದಿ ಸರಾಸರಿ ತೆಗೆಯುವ ಕ್ರಮವನ್ನು ಕಟ್ಟುನಿಟ್ಟಾಗಿ ಆಚರಣೆಗೆ ತಂದನು. ಹೀಗೆ ಮಾಡಿದಾಗ ಒಂದು ಭಾಗದ ದೋಷವನ್ನು ಇನ್ನೊಂದು ಭಾಗದ ದೋಷವು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಕೊರತೆಯುಳ್ಳ ಯಂತ್ರದಿಂದಲೂ ನೆಚ್ಚಬಹುದಾದ ಅಳತೆಯನ್ನು ಪಡೆಯುವ ಹಾದಿಯಿದು.

ದುರಸ್ತಿಯಾದ ಥಿಯೊಡೊಲೈಟ್ ಪುನಃ ಪಯಣ ಹೊರಟಿತು. 1809ರಲ್ಲಿ ಪಾಳಯಂಕೋಟೆಯ ಬಳಿ ಆಧಾರರೇಖೆಯನ್ನು ಅಳೆದ ಮೇಲೆ ಲ್ಯಾಂಬ್ಟನ್ನನು ಉತ್ತರಕ್ಕೆ ಮುಖ ಮಾಡಿದನು. 1811ರಲ್ಲಿ ಗುತ್ತಿಯ ಬಳಿ, 1815ರಲ್ಲಿ ಬೀದರಿನ ಸಮೀಪದಲ್ಲಿ ಮತ್ತೆ ಆಧಾರರೇಖೆಗಳನ್ನು ಅಳೆದು ಲೆಕ್ಕವನ್ನು ಪರೀಕ್ಷಿಸಲಾಯಿತು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಗೌರವವೂ ದೊರೆಯಿತು. 1818ರಲ್ಲಿ ಸರ್ವೇಕ್ಷಣೆಯು ಮದರಾಸು ಸರ್ಕಾರದ ಕೈಯಿಂದ ಗವರ್ನರ್ ಜನರಲ್ಲನ ಆಡಳಿತಕ್ಕೆ ಹೋಯಿತು. ಎವರೆಸ್ಟನು ಸಹಾಯಕನಾಗಿ ಬಂದು ಹೈದರಾಬಾದಿನಲ್ಲಿ ಆತನನ್ನು ಸೇರಿಕೊಂಡನು.

ಎವರೆಸ್ಟನು ಕಂಡ ಲ್ಯಾಂಬ್ಟನ್ನನು ಎತ್ತರವಾದ ನಿಲುವಿನ, ಶಾಂತಸ್ವಭಾವದ, ದಣಿದ ಮುದುಕ. ಎವರೆಸ್ಟನೋ ಸಿಡಿಮಿಡಿಯ ತರುಣ. ಯಾರನ್ನೂ ಸುಲಭವಾಗಿ ಹೊಗಳುವವನಲ್ಲ. ಅಂಥವನೇ ಒಂದು ದೃಶ್ಯವನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಮಹಾ ಥಿಯೊಡೊಲೈಟ್ ಅನ್ನು ಸರಿಹೊಂದಿಸುವ ಸಮಯ ಬಂದಿತೆಂದರೆ ಮುದುಕನ ಮೈಯಿಂದ ಮುಪ್ಪು ಕಳಚಿಬೀಳುತ್ತಿತ್ತು. ನರನರಗಳಲ್ಲಿ ಹುರುಪು ತುಂಬಿ, ಪ್ರಾಯದವನಂತೆ ಓಡಾಡುತ್ತಿದ್ದನು.

1822ರ ಸುಮಾರಿಗೆ ಲ್ಯಾಂಬ್ಟನ್ನನ ದೇಹ ಕ್ಷಯಿಸುತ್ತ ಬಂದಿತ್ತು. ಆದರೂ ಸರ್ವೇಕ್ಷಣೆಯ ನೆಲೆಯನ್ನು ಹೈದರಾಬಾದಿನಿಂದ ನಾಗಪುರಕ್ಕೆ ಬದಲಾಯಿಸಲು ಆತನೇ ಪ್ರಯಾಣ ಹೊರಟನು. ನಾಗಪುರವನ್ನು ಮುಟ್ಟಲಿಲ್ಲ. 1823ರ ಜನವರಿ 20ರಂದು, ಅಲ್ಲಿಗೆ ಸುಮಾರು 50 ಮೈಲಿ ದಕ್ಷಿಣದಲ್ಲಿರುವ ಹಿಂಗಣಘಾಟಿನಲ್ಲಿ ಆತನು ಕಣ್ಣು ಮುಚ್ಚಿದನು. ಆ ಹೊತ್ತಿಗೆ ಒಂದು ಲಕ್ಷ ಅರವತ್ತೈದು ಸಾವಿರ ಚದರ ಮೈಲಿಗಳಷ್ಟು ನೆಲವು ಆತನ ತ್ರಿಕೋನಗಳ ಬಲೆಯೊಳಗೆ ಬಂದಿತ್ತು. ಸಮಾಧಿಯು ಹಿಂಗಣಘಾಟಿನಲ್ಲಿಯೇ ಆಯಿತು.

ಎವರೆಸ್ಟನು ಮಹಾಚಾಪವನ್ನು ಹಿಮಾಲಯದ ತಪ್ಪಲಿನವರೆಗೆ ಕೊಂಡೊಯ್ದು 1843ರಲ್ಲಿ ನಿವೃತ್ತನಾದನು. ಜಗತ್ತಿನ ಅತ್ಯುನ್ನತ ಶಿಖರಕ್ಕೆ 1865ರಲ್ಲಿ ಎವರೆಸ್ಟನ ಹೆಸರನ್ನಿಟ್ಟರು. ಲ್ಯಾಂಬ್ಟನ್ನನ ಹೆಸರು ಯಾವ ಶಿಖರಕ್ಕೂ ದಕ್ಕಲಿಲ್ಲ. ಆತನ ಥಿಯೊಡೊಲೈಟ್ ಮಾತ್ರ ಇನ್ನೂ ಒಂದು ಜನ್ಮವನ್ನು ಪಡೆಯಿತು. ದಶಕಗಳ ಸವೆತದಿಂದ ಸೊರಗಿದ್ದ ಅದನ್ನು 1830ರ ದಶಕದಲ್ಲಿ ಕಲ್ಕತ್ತೆಯ ಕಾರ್ಯಾಗಾರದಲ್ಲಿ ಬಿಚ್ಚಿ ಮತ್ತೆ ಕಟ್ಟಲಾಯಿತು. ಅದಕ್ಕಾಗಿ ಇಂಗ್ಲೆಂಡಿನಿಂದ ಕರೆಸಿದ್ದ ಶಿಲ್ಪಿಯ ಹೆಸರು ಹೆನ್ರಿ ಬ್ಯಾರೋ. ಅವನ ಬಳಿ ಆರ್ಕಾಟಿನ ಮೀರ್ ಮೊಹ್ಸಿನ್ ಹುಸೇನನೂ ಇದ್ದನು. ಎವರೆಸ್ಟನೊಡನೆ ಜಗಳವಾಡಿ ಬ್ಯಾರೋ ಹೊರಟುಹೋದ ಮೇಲೆ, ಲೋಹದ ವರ್ತುಲದ ಮೇಲೆ ಕೂದಲೆಳೆಯ ಗೆರೆಗಳನ್ನು ಕೊರೆಯುವ ಅತಿ ಸೂಕ್ಷ್ಮವಾದ ಕೆಲಸಕ್ಕೆ ಸಮರ್ಥನೆಂದು ಎವರೆಸ್ಟನು ತೋರಿಸಿಕೊಟ್ಟುದು ಆ ದಕ್ಷಿಣದೇಶದ ಕುಶಲಿಯನ್ನು. ಮೊಹ್ಸಿನ್ ಹುಸೇನನೇ ಮುಂದೆ ಸರ್ವೇಕ್ಷಣೆಯ ಉಪಕರಣ ಶಿಲ್ಪಿಯಾದನು.

ತಂಜಾವೂರಿನ ಗೋಡೆಗೆ ಬಡಿದು, ಡೇರೆಯೊಳಗೆ ಕೊಡತಿಯ ಪೆಟ್ಟುಗಳನ್ನು ತಿಂದು, ದೇಶದ ಬೆನ್ನೆಲುಬಿನುದ್ದಕ್ಕೂ ಹೆಗಲುಗಳ ಮೇಲೆ ಪ್ರಯಾಣ ಮಾಡಿದ ಆ ಯಂತ್ರವನ್ನು ಡೆಹರಾಡೂನಿನಲ್ಲಿರುವ ಭಾರತೀಯ ಸರ್ವೇಕ್ಷಣಾ ಇಲಾಖೆಯವರು ಕಾಪಾಡಿಕೊಂಡು ಬಂದಿದ್ದಾರೆ.